ಹೆಸರು ಬೀಳುವ ಮೊದಲು

ನಮ್ಮ ಟಿಕೆಟ್ ಅಕ್ಕ ತಮ್ಮ ಆಯುಷ್ಯದಲ್ಲಿ ಯಾವ ಸಿನಿಮಾದ ಆರಂಭವನ್ನೂ ನೋಡಿದವರಲ್ಲ. ನೋಡಿದ ಸಿನಿಮಾಗಳಿಗೇನೋ ಲೆಕ್ಕವಿಲ್ಲ. ಕಲಬುರಗಿಯ ಒಂದು ಹಳೆಯ ಟಾಕೀಸಿನಲ್ಲಿ ಹೆಂಗಸರಿಗೆಂದೇ ಬೇರೆ ಇದ್ದ ಟಿಕೆಟ್ ಕಿಟಕಿಯ ಹಿಂದೆ ಅವರು ಹರೆಯದಿಂದ ತಲೆ ನರೆಯುವವರೆಗೆ ಕೂತಿದ್ದರು. ಒಳಗೆ ಪರದೆಯ ಮೇಲೆ ಹೆಸರು ಬೀಳುವಾಗ ಹೊರಗೆ ತಡವಾಗಿ ಬಂದವರ ಕೈಗಳು ಆ ಕಿಟಕಿಯ ಕಿಂಡಿಯೊಳಗೆ ತೂರುತ್ತಲೇ ಇರುತ್ತಿದ್ದವಂತೆ. ಕೊನೆಯ ಕೈಗೆ ಟಿಕೆಟ್ ಹರಿದುಕೊಟ್ಟು, ಕಿಂಡಿ ಮುಚ್ಚಿ, ಕತ್ತಲಲ್ಲಿ ತಡವರಿಸುತ್ತ ಒಳಗೆ ಹೋಗಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಹೊತ್ತಿಗೆ ಕಥೆ ಅರ್ಧ ದಾರಿ ಸವೆಸಿರುತ್ತಿತ್ತು.

"ಯಾ ಹೀರೋನ ಅಪ್ಪನ್ನೂ ನಾ ಜೀವಂತ ನೋಡಿಲ್ಲ ತಂಗಿ," ಎನ್ನುತ್ತಿದ್ದರು. "ನಾ ಒಳಗ ಹೋಗೂದ್ರಾಗ ಎಲ್ಲಾರೂ ಫೋಟೋ ಆಗಿ, ಮಾಲಿ ಹಾಕ್ಕೊಂಡು ಗ್ವಾಡಿ ಮ್ಯಾಲ ಇರ್ತಿದ್ರು."

ಅಕ್ಕ ಕಳೆದ ತಿಂಗಳು ಹೋದರು. ಅವರ ಟಾಕೀಸು ಅವರಿಗಿಂತ ಎಷ್ಟೋ ಮೊದಲೇ ಹೋಗಿತ್ತು. ಈಗ ಅಲ್ಲಿ ಬಟ್ಟೆ ಅಂಗಡಿಗಳ ಸಾಲು. ಕುಸನೂರ ರಸ್ತೆಯ ನಮ್ಮ ಓಣಿಯಲ್ಲಿ, ನಮ್ಮ ಮನೆಗೆ ಹೊಂದಿಕೊಂಡ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದಿದ್ದರೆ ಅವರೇ ನಗುತ್ತಿದ್ದರು. ಓಣಿಯಲ್ಲಿ ಯಾರಾದರೂ ನಿಜವಾದ ಹೆಸರು ಕೇಳಿದರೆ, "ಟಿಕೀಟಿನ ಮ್ಯಾಲ ಹೆಸರ ಎಲ್ಲಿರ್ತದ್ರಿ? ನಂಬರ್ ಇದ್ರ ಸಾಕು," ಎಂದು ಮಾತು ಮುಗಿಸುತ್ತಿದ್ದರು.

ಅವರಿಗೆ ಮನುಷ್ಯರ ಮುಖಕ್ಕಿಂತ ಕೈಗಳ ನೆನಪು ಜಾಸ್ತಿ. ಆ ಕಿಂಡಿಯಲ್ಲಿ ಕಾಣಿಸುತ್ತಿದ್ದುದೇ ಕೈ. ಸಂತೆಯಲ್ಲಿ ಯಾರೋ ಮುದುಕಿ ಬದನೆಕಾಯಿ ಆರಿಸುತ್ತಿದ್ದರೆ ಅಕ್ಕ ನನ್ನ ಕಿವಿಯಲ್ಲಿ, "ಈಕಿ ಪ್ರತಿ ಶುಕ್ರವಾರ ಬರ್ತಿದ್ಲು. ಬೆರಳ ನೋಡು, ಉಂಗುರ ಇನ್ನೂ ತಿರುಗಿಸ್ತಾಳ," ಎನ್ನುತ್ತಿದ್ದರು. ನಾನು ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ನನ್ನ ಕೈಯನ್ನೂ ತಿರುಗಿಸಿ ನೋಡಿದ್ದರು. "ಕಾನ್ವೆಂಟ್ ಕೈ ಇದು. ಚಾಕ್‌ಪೀಸ್ ಹಿಡಿದಂಗ ಸೌಟ ಹಿಡೀತದ." ಅಂದಿನಿಂದ ನಾನು ಕಾನ್ವೆಂಟ್ ತಂಗಿ. ಅವರ ಕೈಗಾದರೂ ಹಳೆಯ ಚಾಳಿ ಬಿಟ್ಟಿರಲಿಲ್ಲ. ಹಾಲಿನ ಪಾಕೀಟು, ಬಿಸ್ಕಿಟಿನ ಪೊಟ್ಟಣ, ಔಷಧದ ಚೀಟಿ ಏನೇ ಇರಲಿ, ಎಡಗೈ ಹೆಬ್ಬೆರಳನ್ನು ಒತ್ತಿಟ್ಟು ಬಲಗೈಯಿಂದ ಒಂದೇ ಎಳೆತಕ್ಕೆ ಗೆರೆ ಹೊಡೆದಂತೆ ಹರಿಯುತ್ತಿದ್ದರು. ಕತ್ತರಿ ಅವರ ಮನೆಯಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರ ಬದುಕಿನಲ್ಲಿ ಒಂದು ಕಮಲಾಪುರ ಇತ್ತು ಎನ್ನುವುದು ನನಗೆ ಬಾಳೆಹಣ್ಣಿನಿಂದ ಅಂದಾಜಾಗಿತ್ತು. ಕಲಬುರಗಿ ಹತ್ತಿರದ ಕಮಲಾಪುರದ ಕೆಂಪು ಬಾಳೆಹಣ್ಣು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಮಾರ್ಕೆಟ್ಟಿನಲ್ಲಿ ಗಾಡಿಯವನು, "ಲೇಲೋ ಅಮ್ಮಾ, ಅಸಲಿ ಕಮಲಾಪುರ ಕಾ ಹೈ," ಎಂದು ಕೂಗಿದರೆ ಅಕ್ಕ ನಿಲ್ಲುತ್ತಿದ್ದರು. ಹಣ್ಣನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದರು. ಆಮೇಲೆ, "ಕಮಲಾಪುರದಾಗ ಅಸಲಿ ಏನದಪಾ," ಎಂದು ಎರಡೇ ಎರಡು ಹಣ್ಣು ಮುರಿಸಿಕೊಂಡು ಬರುತ್ತಿದ್ದರು. ಒಂದು ಅವರಿಗೆ, ಒಂದು ನನಗೆ. ಡಜನ್ ಯಾಕೆ ತಗೊಳ್ಳಲಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೊದಲ ಪಾಠ, ಬೇರೆಯವರ ತಟ್ಟೆಯೊಳಗೆ ಇಣುಕಬಾರದು ಎಂಬುದು.

ಅವರು ಕಲಿಸಿದ ಎರಡನೆಯ ಪಾಠ, ಬೇರೆಯವರು ಬಿದ್ದರೆ ನಗಬಾರದು. ಆ ಪಾಠ ಕೆಟ್ಟದ್ದು ಟಿಕೆಟ್ ಅಕ್ಕನಿಂದ, ಒಂದು ಸಿನಿಮಾದಿಂದ.

ಒಂದು ಮಧ್ಯಾಹ್ನ ನನ್ನ ಮಗಳು ಟಿವಿಯಲ್ಲಿ ಅದನ್ನು ಹಚ್ಚಿದಳು. ಊರಿನ ಟಾಕೀಸಿಗೆ ಬಂದಾಗ ವಾರವೂ ಓಡದ ಸಿನಿಮಾ. ಮೆಂತ್ಯೆ ಸೊಪ್ಪು ಸೋಸಲು ಬಂದಿದ್ದ ಅಕ್ಕ, ಶುರುವಾಗುವುದನ್ನು ಕಂಡಿದ್ದೇ ತಡ, ಎದ್ದು ಅಡಿಗೆಮನೆಗೆ ಹೊರಟರು.

"ಕುಂದರ್ರಿ ಅಕ್ಕಾ, ಇನ್ನೂ ಹೆಸರ ಸೈತ ಬಿದ್ದಿಲ್ಲ," ಎಂದಳು ಮಗಳು.

"ಬೀಳ್ಲಿ ಬಿಡು. ಕುಂತು ನೋಡಿದ್ರ ನನಗ ನಿದ್ದಿ ಬರ್ತದ. ನಡಿ ತಂಗಿ, ಚಹಾ ಇಡೂಣು."

ನಾನೂ ಅವರ ಹಿಂದೆ ಹೋದೆ. ಚಹಾ ಕುದಿದು ಸೋಸಿದ ಮೇಲೆ ಅವರು ಲೋಟ ಹಿಡಿದು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತರು. ಹೀಗೆ ಪಕ್ಕಕ್ಕೆ ನಿಂತೇ ಅವರು ಸಿನಿಮಾ ಮುಗಿಯುವವರೆಗೆ ನೋಡಿದರು.

ಕಥೆ ಇಷ್ಟೇ. ಒಂದೇ ಕಾಂಪೌಂಡಿನ ಎರಡು ಮನೆ. ಒಂದರಲ್ಲಿ ಮದುವೆ, ಅದೇ ಬೆಳಿಗ್ಗೆ ಇನ್ನೊಂದರಲ್ಲಿ ಮುದುಕ ತೀರಿಕೊಳ್ಳುತ್ತಾನೆ. ಇರುವುದು ಒಂದೇ ಪೆಂಡಾಲು. ಬ್ಯಾಂಡಿನವರಿಗೆ ಬರುವುದು ಮೂರೇ ಹಾಡು, ಮೂರೂ ಕುಣಿಯುವಂಥವು. ದೂರದೂರಿನಿಂದ ಬಸ್ಸಿಳಿದು ಬಂದ ಒಬ್ಬ ಅತ್ತೆ ಅಳುತ್ತ ಅಳುತ್ತ ತಪ್ಪಿದ ಮನೆಗೆ ನುಗ್ಗಿ ಮದುಮಗಳ ಕೊರಳು ತಬ್ಬಿ ಗೋಳಾಡುತ್ತಾಳೆ. ಬೀಗರು, ಎಷ್ಟು ಅಂತಃಕರಣದ ಜನ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಫೋಟೋದವನು ಹೆಣದ ಸುತ್ತ ನಿಂತವರಿಗೆ ಅಭ್ಯಾಸಬಲದಿಂದ ಸ್ವಲ್ಪ ನಗಿ ಎನ್ನುತ್ತಾನೆ, ಅವರೂ ಅಭ್ಯಾಸಬಲದಿಂದ ನಗುತ್ತಾರೆ. ಸತ್ತವನ ಕನ್ನಡಕ ಕಾಣೆಯಾಗಿ ಕೊನೆಗೆ ವರನ ತಂದೆಯ ಮೂಗಿನ ಮೇಲೆ ಸಿಗುತ್ತದೆ.

ನಾನು ಕರ್ಚೀಫು ಬಾಯಿಗೆ ಒತ್ತಿ ಕೂತಿದ್ದೆ. ಸಾವಿನ ಮನೆ, ನಗಬಾರದು. ಅಕ್ಕ ಬಾಗಿಲಿನಿಂದಲೇ, "ನಗು ತಂಗಿ, ಒಳಗ ಇಟ್ಕೊಂಡ್ರ ಹೊಟ್ಟಿ ಉಬ್ಬತದ," ಎಂದರು.

"ಹೀರೋ ಯಾರ ಇದ್ರಾಗ?" ಎಂದು ಆಮೇಲೆ ಮಗಳನ್ನು ಕೇಳಿದರು.

"ಯಾರೂ ಇಲ್ರಿ ಅಕ್ಕಾ. ಎಲ್ಲಾರೂ ಸೇರಿ ಒಂದು ಸಿನಿಮಾ."

"ಅದಕ್ಕ ಟಿಕೀಟ ಹರೀಲಿಲ್ಲ," ಎಂದರು. ಖಾಲಿ ಲೋಟ ತೊಳೆದಿಟ್ಟು, "ಖರೇ ಸಿನಿಮಾ ಅದ ಇದು. ನಾಳಿ ಮತ್ತ ಹಚ್ಚು," ಎಂದರು.

ಆಮೇಲೆ ಎಷ್ಟು ಸಲ ನೋಡಿದೆವೋ, ಪ್ರತಿ ಸಲವೂ ಹೆಸರು ಬಿದ್ದು ಮುಗಿಯುವವರೆಗೆ ನಾವಿಬ್ಬರೂ ಅಡಿಗೆಮನೆಯಲ್ಲೇ. ಅಕ್ಕ ನೋಡುತ್ತಿದ್ದ ರೀತಿಯೇ ಬೇರೆ. ಒಂದು ಸಲ ನೋಡುವಾಗ ಒಬ್ಬನನ್ನೇ ನೋಡಬೇಕು. "ಇವತ್ತ ನಾ ಕುರ್ಚಿ ಬಾಡಗಿ ಕೊಡಾಂವನ್ನ ನೋಡ್ತೀನಿ," ಎಂದು ಮೊದಲೇ ಹೇಳಿಬಿಡುವರು. ಮುಂದೆ ದೊಡ್ಡ ಜಗಳ ನಡೆದಿದ್ದರೂ ಅವರ ಕಣ್ಣು ಹಿಂದಿನ ಕುರ್ಚಿಯವನ ಮೇಲೆ. ಆಗಲೇ ಗೊತ್ತಾದದ್ದು ನಮಗೆ, ಅವನು ಇಡೀ ಸಿನಿಮಾದಲ್ಲಿ ಒಮ್ಮೆಯೂ ಕೂರುವುದಿಲ್ಲ. ಕೂರಲು ಹೋದಾಗಲೆಲ್ಲ ಯಾರೋ ಅವನ ಕುರ್ಚಿ ಎಳೆದುಕೊಂಡು ಹೋಗುತ್ತಾರೆ. ಇನ್ನೊಂದು ದಿನ ಬ್ಯಾಂಡಿನ ಹುಡುಗನನ್ನು ನೋಡಿದರು. ಅವನ ಕಹಳೆ ಕೆಟ್ಟಿದೆ, ಬರಿದೇ ಕೆನ್ನೆ ಉಬ್ಬಿಸುತ್ತಾನೆ. ಮುಂದೆ ನಿಂತವರು ಮಾತಾಡುತ್ತಾರೆ, ಹಿಂದೆ ನಿಂತವರು ಬದುಕುತ್ತಾರೆ. ಇದು ಅಕ್ಕ ಹೇಳಿದ ಮಾತಲ್ಲ, ಅವರ ಜೊತೆ ನೋಡಿ ನೋಡಿ ನನಗೆ ಅನಿಸಿದ್ದು.

ಆದರೆ ಎಲ್ಲರನ್ನೂ ನೋಡಿ ನಗುತ್ತಿದ್ದ ಅಕ್ಕ ಒಬ್ಬಳು ಬಂದಾಗ ಮಾತ್ರ ಸುಮ್ಮನಾಗುತ್ತಿದ್ದರು. ಆಕೆ ಬೂದು ಬಣ್ಣದ ಸೀರೆಯ ಹೆಂಗಸು. ಎರಡೂ ಮನೆಯ ನಡುವೆ ಚಹಾದ ಲೋಟ ಹಿಡಿದು ಓಡಾಡುತ್ತಾಳೆ, ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಾಳೆ. ಮದುವೆಯವರು ಆಕೆಯನ್ನು ಸತ್ತ ಮನೆಯವಳು ಎಂದುಕೊಳ್ಳುತ್ತಾರೆ, ಸತ್ತ ಮನೆಯವರು ಮದುವೆಯವಳು ಎಂದುಕೊಳ್ಳುತ್ತಾರೆ. ಹೆಣ ಎತ್ತುವ ಹೊತ್ತಿಗೆ ಕುರ್ಚಿಯವನು ಕೇಳುತ್ತಾನೆ: "ನೀವು ಇವರಿಗೆ ಏನಾಗಬೇಕಮ್ಮಾ?" ಆಕೆ ಒಂದು ಕ್ಷಣ ಅವನನ್ನು ನೋಡಿ, "ಟೀ ತಗೊಳ್ಳಿ," ಎಂದು ಕೈಯಲ್ಲಿದ್ದ ಲೋಟ ಕೊಟ್ಟು ಹೋಗಿಬಿಡುತ್ತಾಳೆ. ಅಷ್ಟೇ ಆಕೆಯ ಮಾತು.

"ಆಕಿ ಆ ಮುದುಕಗ ಏನೋ ಆಗಬೇಕು," ಎಂದು ಅಕ್ಕ ಒಂದು ದಿನ ಹೇಳಿದರು. "ಮಂದಿಗೆ ಗೊತ್ತಿಲ್ಲ. ಆಕಿಗಷ್ಟ ಗೊತ್ತದ."

"ಅಕ್ಕಾ, ಮೊದಲನೇ ಸೀನಿನ್ಯಾಗ ಆಕಿ…" ಎಂದು ಮಗಳು ಬಾಯಿ ತೆರೆದಳು.

ಅಕ್ಕ ಕೈ ಅಡ್ಡ ಹಿಡಿದರು. "ಹೇಳಬ್ಯಾಡ. ನನಗ ಗೊತ್ತದ ಆಕಿ ಯಾರು ಅಂತ."

ಒಂದು ಬೆಳಿಗ್ಗೆ ನಮ್ಮ ಮನೆಯವರು ಆಫೀಸಿಗೆ ಹೋದ ಮೇಲೆ ಅಕ್ಕ ಬಾಗಿಲಿಗೆ ಬಂದರು. ದಿನಾ ಉಡುವ, ಹಸಿರು ದಡಿಯ ಅದೇ ಸೀರೆ. ಕಾಯಿಪಲ್ಯೆಗೆ ಕರೆಯುವ ದನಿಯಲ್ಲೇ, "ಕಮಲಾಪುರದಾಗ ಒಂದು ಮಣ್ಣದ. ಬರ್ತೀ ಏನ ತಂಗಿ?" ಎಂದರು. ನಮ್ಮ ಕಡೆ ಸತ್ತವರನ್ನು ಹೂಳುವುದಕ್ಕೆ ಮಣ್ಣು ಎಂದೇ ಹೆಸರು. ಬಂದವರೆಲ್ಲ ಒಂದೊಂದು ಹಿಡಿ ಹಾಕಬೇಕು. ಅವರ ಕೈ ನೋಡಿದೆ. ಎಂದೂ ಸುಮ್ಮನಿರದ ಬೆರಳುಗಳು ಸೆರಗಿನ ತುದಿಯನ್ನು ಹಿಡಿದು ಹಾಗೇ ನಿಂತಿದ್ದವು. ಯಾರು, ಏನು ಎಂದು ಕೇಳದೆ ಚಪ್ಪಲಿ ಹಾಕಿಕೊಂಡೆ.

ಬಸ್ಸು ಕಪನೂರ ದಾಟಿ, ಫ್ಯಾಕ್ಟರಿಗಳ ತಗಡಿನ ಮಾಡುಗಳು ಹಿಂದೆ ಸರಿದ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. ಕಮಲಾಪುರದಲ್ಲಿ ಆಗ ಟೆಂಟಿನ ಟಾಕೀಸು. ಅಲ್ಲಿ ಮಷಿನ್ ನಡೆಸುತ್ತಿದ್ದ ಹುಡುಗ ರೀಲಿನ ಡಬ್ಬಿ ಒಯ್ಯಲು ಕಲಬುರಗಿಗೆ ಬರುತ್ತಿದ್ದ. ಬಂದಾಗ ಅವರ ಕಿಂಡಿಯೊಳಗೆ ಎರಡು ಕೆಂಪು ಬಾಳೆಹಣ್ಣು ಇಡುತ್ತಿದ್ದ.

"ಮದಲ ವರ್ಷ ಆತನ ಮಾರಿ ಸೈತ ನೋಡಿಲ್ಲ ನಾ. ಕೈ ಅಷ್ಟ. ಮಷಿನ್‌ನ್ಯಾಗ ಸುಟ್ಟು ಬಲಗೈ ಮ್ಯಾಲ ಒಂದು ಕಲಿ ಇತ್ತು, ಹುಣಸೀಬೀಜ ಅಂಟಿಸಿದಂಗ. ಆ ಕೈ ಬಂದ್ರ ನನ್ನ ಲೆಕ್ಕ ತಪ್ಪತಿತ್ತು."

"ಆಮ್ಯಾಲ?"

"ಆಮ್ಯಾಲ ಏನ? ಆತನ ಮನಿಯವ್ರು ನೋಡಾಕ ಬಂದ್ರು. ಟಾಕೀಸಿನ್ಯಾಗ ಕುಂದ್ರಾಕಿ ಬ್ಯಾಡ ಅಂದ್ರು. ಟಾಕೀಸಿನ್ಯಾಗ ಸಿನಿಮಾ ತೋರಸಾಂವ ನಡೀತದ, ಟಿಕೀಟ ಕೊಡಾಕಿ ನಡ್ಯಂಗಿಲ್ಲ." ಅಕ್ಕ ನಕ್ಕರು. "ಆತನೂ ತುಟಿಪಿಟಕ್ ಅನ್ನಲಿಲ್ಲ. ಮರುವಾರ ಡಬ್ಬಿ ಒಯ್ಯಾಕ ಬ್ಯಾರೇ ಕೈ ಬಂತು."

ಅವನಿಗೆ ಬೇರೆ ಮದುವೆಯಾಯಿತು, ಮಕ್ಕಳಾದರು. ಅಕ್ಕನಿಗೆ ಬೇರೆ ಯಾವುದೂ ಆಗಲಿಲ್ಲ. ತೀರಿಹೋದ ಸುದ್ದಿಯನ್ನು ಹಳೆಯ ಗೇಟ್‌ಕೀಪರ್ ಫೋನಿನಲ್ಲಿ ತಿಳಿಸಿದ್ದರು. "ಏನೂ ಬ್ಯಾಡ ತಂಗಿ. ಒಂದು ಹಿಡಿ ಮಣ್ಣು ಹಾಕಿ ಬರೂಣು. ಯಾರಾದ್ರೂ ನೀ ಯಾಕ ಬಂದೀ ಅಂದ್ರ ಹೊಳ್ಳಿ ಬಂದ್ಬಿಡೂಣು," ಎಂದರು.

ಸತ್ತ ಮನೆಯ ಮುಂದೆ ಕೆಂಪು, ಬಂಗಾರದ ಬಣ್ಣದ ಪೆಂಡಾಲು. ನಾನು ಮೊದಲು ತಪ್ಪು ಓಣಿಗೆ ಬಂದೆವೇನೋ ಎಂದುಕೊಂಡೆ. ಯಾರೋ ಹಿರಿಯರು ಪೆಂಡಾಲಿನವನನ್ನು ಬೈಯುತ್ತಿದ್ದರು. "ಮದುವಿ ಸೀಜನ್ ಅದ್ರೀ ಗೌಡ್ರ, ಬಿಳೀ ಬಟ್ಟಿ ಒಂದೂ ಉಳದಿಲ್ಲ," ಎನ್ನುತ್ತಿದ್ದ ಅವನು. ಬಾಗಿಲ ಮೇಲೆ ಥರ್ಮಾಕೋಲಿನಲ್ಲಿ ಬರೆದ 'ಶುಭ ವಿವಾಹ'ದಲ್ಲಿ 'ಶುಭ' ಕಿತ್ತಿದ್ದರು, 'ವಿವಾಹ' ಇನ್ನೂ ಇತ್ತು. ಅದರ ಕೆಳಗೆ ವಿಭೂತಿ ಧರಿಸಿ, ಹೂವಿನಲ್ಲಿ ಮುಚ್ಚಿಹೋಗಿ, ಕುಳ್ಳಿರಿಸಿದ ದೇಹ. ಭಜನೆಯವರ ಮೈಕಿನಲ್ಲಿ ಯಾರದೋ ಮೊಬೈಲು ಕುಣಿಯುವ ಹಾಡು ಹಾಡಿತು.

ಅಕ್ಕ ನನ್ನ ಮುಂಗೈ ಒತ್ತಿದರು. "ತಂಗಿ, ಹಚ್ಯಾರ ನೋಡು ಸಿನಿಮಾ."

ನನಗೆ ನಗು ಒಳಗಿನಿಂದ ಉಕ್ಕುತ್ತಿತ್ತು. ಇಬ್ಬರೂ ಸೆರಗು ಬಾಯಿಗೆ ತುರುಕಿ ಗೋಡೆಗೆ ಮುಖ ಮಾಡಿದೆವು. ಹೆಗಲುಗಳು ಅಲುಗುತ್ತಿದ್ದವು. ಯಾರೋ ತಾಯಿ ಬಂದು ಅಕ್ಕನ ಬೆನ್ನು ಸವರಿ, "ಸಮಾಧಾನ ಮಾಡ್ಕೋ ಯವ್ವಾ. ಹೋದಾಂವ ಹೊಳ್ಳಿ ಬರತಾನೇನು," ಎಂದಳು. ಆ ಕೈ ಬೆನ್ನ ಮೇಲೆ ಬಿದ್ದದ್ದೇ, ಅಕ್ಕನ ಹೆಗಲಿನ ಅಲುಗಾಟದ ಲಯ ಬದಲಾದದ್ದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು. ನೋಡುವವರಿಗೆ ಎರಡೂ ಒಂದೇ. ಅಷ್ಟು ಹೊತ್ತು, ಅಷ್ಟು ಜನರ ನಡುವೆ, ಯಾರ ಅಪ್ಪಣೆಯೂ ಬೇಡದೆ ಅವರು ಅತ್ತರು.

ಬಾಜೂಮನೆಯಿಂದ ಕಿಟ್ಲಿಯಲ್ಲಿ ಚಹಾ ಬಂತು. ಲೋಟ ಹಿಡಿದು ನಾವು ಬಾಗಿಲ ಪಕ್ಕಕ್ಕೆ ಸರಿದು ನಿಂತೆವು. ಅಲ್ಲಿಂದ ಸತ್ತವನ ಮುಖ ಕಾಣುತ್ತಿರಲಿಲ್ಲ, ಹೂವು ಅಡ್ಡ. ತೊಡೆಯ ಮೇಲಿಟ್ಟ ಬಲಗೈ ಕಾಣುತ್ತಿತ್ತು. ಅಕ್ಕ ಅದನ್ನೇ ನೋಡುತ್ತಿದ್ದರು. ಆಗ ಕುರ್ಚಿಯಲ್ಲಿದ್ದ ಒಬ್ಬ ಮುದುಕ ತಲೆಯೆತ್ತಿ ಕೇಳಿದ: "ಯಾ ಊರಾತ್ರೀ ನಿಮ್ದು? ಹೋದಾಂವ ನಿಮಗ ಏನಾಗಬೇಕು?"

ನಾನು ಹೆದರಿ ಅಕ್ಕನ ಕಡೆ ನೋಡಿದೆ. ಅಕ್ಕ ಅವನನ್ನು ಒಂದು ಕ್ಷಣ ನೋಡಿ, ಇನ್ನೂ ತುಟಿಗೆ ತಾಗಿಸದ ತಮ್ಮ ಲೋಟವನ್ನು ಅವನ ಕೈಗಿಟ್ಟರು.

"ಚಹಾ ತಗೋರಿ ಕಾಕಾ."

ಅವನು ತೆಗೆದುಕೊಂಡ. ಬಿಸಿ ಇದೆಯೆಂದು ಊದಿ ಕುಡಿಯತೊಡಗಿದ. ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹೊಲದಲ್ಲಿ ಕುಣಿಯ ಹತ್ತಿರ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೂಗಿದರು, "ಆಗಬೇಕಾದವರು ಮದಲ ಬರ್ರಿ." ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಅಳಿಯಂದಿರು ಹೋದರು. ಅಕ್ಕ ಒಂದು ಹೆಜ್ಜೆ ಮುಂದಿಟ್ಟು ನಿಂತರು. ನಾನು ಅವರ ಮೊಣಕೈ ಹಿಡಿದೆ. ಬಹಳ ಹೊತ್ತಿನ ಮೇಲೆ ಅಯ್ಯನವರು, "ಇನ್ನ ಉಳದವರು ಬರ್ರಿ," ಎಂದರು. ಆಗ ಹೋದೆವು. ಅಕ್ಕ ಬಾಗಿ, ಹಿಡಿಯಷ್ಟು ಮಣ್ಣೆತ್ತಿ, ಕಿಂಡಿಯೊಳಗೆ ಕೈ ಚಾಚುವ ಹಾಗೆ ತೋಳು ನೀಟಾಗಿ ಮುಂದೆ ಚಾಚಿ ಬಿಟ್ಟರು.

ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ನೋಡಿ ಹೆಂಗಸರಿಗೆ ಪುಕ್ಕಟೆಯ ಸೊನ್ನೆ ಟಿಕೆಟ್ ಕೊಟ್ಟ. ಅಕ್ಕ ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಇನ್ನೂ ತೊಳೆದಿರಲಿಲ್ಲ. "ಜನ್ಮಪೂರ್ತಿ ಹೆಂಗಸರಿಗೆ ಟಿಕೀಟ ಮಾರೀನಿ. ಈಗ ನನಗ ಸೊನ್ನಿ ಕೊಡ್ತಾರ," ಎಂದು ನಕ್ಕರು. ಕಪನೂರ ಬಂದಾಗ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

"ಏನಾಗಬೇಕು ಅಂತ ಕೇಳ್ತಾರ ನೋಡು ಮಂದಿ. ಆಗಬೇಕಾಗಿತ್ತು. ಆಗಲಿಲ್ಲ."

ಆ ದಿನದಿಂದ ಅವರು ಆ ಸಿನಿಮಾ ಹಚ್ಚು ಎನ್ನಲಿಲ್ಲ. ಬಾಳೆಹಣ್ಣಿನ ಗಾಡಿಯ ಮುಂದೆ ನಿಲ್ಲುವುದೂ ನಿಂತಿತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾಲಿನವನು ಕರೆದು ಕರೆದು ನಮ್ಮ ಬಾಗಿಲಿಗೆ ಬಂದ. ಅಕ್ಕ ನಿದ್ದೆಯಲ್ಲೇ ಹೋಗಿದ್ದರು. ಅವರ ತಮ್ಮನ ಮಗ, ಅವನ ಬೀಗರು ಮಧ್ಯಾಹ್ನ ಬಂದರು. ನಾನು ನಮ್ಮ ಒಲೆಯ ಮೇಲೆ ದೊಡ್ಡ ಪಾತೆಲಿಯಲ್ಲಿ ಚಹಾ ಮಾಡಿ ಕಿಟ್ಲಿಗೆ ಸುರಿದು ಒಯ್ದೆ. ಕೊನೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಾಗ ಬೀಗಿತ್ತಿ ಕೇಳಿದರು, "ನೀವು ಇವರಿಗೆ ಏನಾಗಬೇಕ್ರೀ?"

ಅಕ್ಕನ ಕಡೆ ನೋಡಿದೆ. ಲೋಟ ಕೊಟ್ಟು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಆದರೆ ಅದು ಅವರ ಮಾತು, ನನಗೆ ಬಾಯಿ ಬರಲಿಲ್ಲ. "ಬಾಜೂ ಮನಿಯಾಕಿ ರೀ," ಎಂದೆ. "ಹೌದಾ," ಎಂದು ಅವರು ಮುಖ ತಿರುಗಿಸಿದರು. ಅಷ್ಟು ವರ್ಷದ ಅಕ್ಕನಿಗೆ ನಾನು ಅಷ್ಟೇನಾ ಎಂದು ಮಣ್ಣು ಮುಗಿದು ಮನೆಗೆ ಬಂದು ಚಹಾದ ಪಾತೆಲಿ ತಿಕ್ಕುವಾಗಲೂ ಕೇಳಿಕೊಳ್ಳುತ್ತಿದ್ದೆ.

ವಾರ ಕಳೆದ ಮೇಲೆ ಮಗಳು ಆ ಸಿನಿಮಾ ಹಚ್ಚಿದಳು. ನಾನು ಅಭ್ಯಾಸದಂತೆ ಏಳಹೋದೆ. "ಕುಂದ್ರು ಮಮ್ಮಿ. ಒಮ್ಮೆರ ಮದಲಿಂದ ನೋಡು," ಎಂದು ಕೈ ಜಗ್ಗಿದಳು. ಕೂತೆ.

ಹೆಸರು ಬೀಳುವ ಮೊದಲು ಒಂದು ಅಂಗಳ. ಬೂದು ಸೀರೆಯ ಹೆಂಗಸು ಕಸ ಗುಡಿಸುತ್ತಿದ್ದಾಳೆ. ಕಾಂಪೌಂಡಿನ ಆಚೆಯದು ಆಕೆಯ ಸ್ವಂತ ಮನೆ. ಒಂದು ಕಡೆಯಿಂದ ಓಲಗ ಕೇಳುತ್ತದೆ, ಆಕೆ ನಗುತ್ತಾಳೆ. ಇನ್ನೊಂದು ಕಡೆಯಿಂದ ಯಾರೋ ಚೀರುವುದು ಕೇಳುತ್ತದೆ. ಆಕೆ ಪೊರಕೆ ಬಿಟ್ಟು, ಕೈ ತೊಳೆದು, ತನ್ನ ಅಡಿಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಡುತ್ತಾಳೆ. ಆಮೇಲೆ ಹೆಸರು ಬೀಳುತ್ತದೆ.

ಆಕೆ ಆ ಮುದುಕನಿಗೆ ಏನೂ ಆಗಬೇಕಾಗಿರಲಿಲ್ಲ. ಬಾಜೂಮನೆಯವಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮಣ್ಣಾಗುವವರೆಗೆ ಚಹಾ ಬರುವುದು ಪಕ್ಕದ ಮನೆಯಿಂದ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಷ್ಟು ಸಲ ಆ ಲೋಟ ನೋಡಿದ ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. ಅಕ್ಕ ಆ ಬಾಗಿಲಲ್ಲಿ ತಮ್ಮನ್ನೇ ನೋಡುತ್ತಿದ್ದರು, ನಾನು ಅಕ್ಕನನ್ನು ನೋಡುತ್ತಿದ್ದೆ.

"ಅಕ್ಕಾಗ ಅವತ್ತ ಹೇಳಬೇಕಂತಿದ್ದೆ ಮಮ್ಮಿ," ಎಂದಳು ಮಗಳು. "ಹೇಳಿದ್ರ ಛಲೋ ಇತ್ತೇನೋ."

"ಇಲ್ಲ. ಹೇಳಲಿಲ್ಲ, ಅದ ಛಲೋ ಆತು. ಕಮಲಾಪುರದಾಗ ಅಕ್ಕಾಗ ಆ ಮಾತ ಬೇಕಿತ್ತು," ಎಂದೆ.

ಪರದೆಯ ಮೇಲೆ ಕುರ್ಚಿಗಳು ಬಂದು ಇಳಿಯತೊಡಗಿದವು. ನಾನು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ ಒರಗಿದೆ. ಉಳಿದದ್ದನ್ನು ಅಲ್ಲಿಂದಲೇ, ನಿಂತುಕೊಂಡೇ ನೋಡಿದೆ.